ಟೈಮಿಂಗ್ ಕೆಲಸದ ಜೊತೆಗೇ ದೊಡ್ಡ ಆಯಿಲ್ ಪಂಪ್ ಹಾಕಿಸಿದೆ: 61,000 ಕಿಲೋಮೀಟರ್ ಓಡಿಸಿದ ಮೇಲೆ

ಗಾಡಿ ಬಗ್ಗೆ ಮೊದಲು ಎರಡು ಮಾತು. ನಮ್ಮದು ಮೂಡಿಗೆರೆ ಕಡೆ. ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ ಪಿಕಪ್, ಟೈಮಿಂಗ್ ಚೈನ್ (ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯುವ ಹಾಗೆ ಮಾಡುವ ಸರಪಳಿ) ಇರುವ ಎಂಜಿನ್. ಡಿಸೆಂಬರಿನಿಂದ ಮಾರ್ಚ್ ತನಕ ಕಾಫಿ ಚೀಲ ಹೊತ್ತುಕೊಂಡು ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್‌ಗೆ (ಕಾಫಿ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆ) ಹೋಗುತ್ತೆ. ಉಳಿದ ತಿಂಗಳು ಶುಂಠಿ, ಗೊಬ್ಬರ, ಬಾಳೆಗೊನೆ, ಸಿಕ್ಕಿದ ಬಾಡಿಗೆ. ವಾರಕ್ಕೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತುವುದು ಇದ್ದೇ ಇದೆ. ಗಾಡಿ ಕಂಪನಿಯ ಹೆಸರು ಬೇಕಂತಲೇ ಬರೆದಿಲ್ಲ. ಇಲ್ಲಿ ಹೇಳಲು ಹೊರಟಿರುವುದು ಎಂಜಿನ್ ಒಳಗೆಲ್ಲ ಆಯಿಲ್ ತಳ್ಳುವ ಪಂಪಿನ ವಿಷಯ.

1,70,000 ಕಿಲೋಮೀಟರ್ ದಾಟಿದ ಮೇಲೆ ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಮುಂಭಾಗದಿಂದ ಸದ್ದು ಬರಲು ಶುರುವಾಯ್ತು. ತಗಡಿನ ಡಬ್ಬಿಗೆ ಒಣ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಐದಾರು ಸೆಕೆಂಡ್, ಆಮೇಲೆ ಗಪ್‌ಚುಪ್. ಹತ್ತಿರದ ಗ್ಯಾರೇಜಿನಲ್ಲಿ ಚೈನ್, ಅದನ್ನು ದಾರಿ ತಪ್ಪದಂತೆ ಹಿಡಿಯುವ ಗೈಡ್, ಬಿಗಿ ಹಿಡಿಯುವ ಟೆನ್ಷನರ್ ಎಲ್ಲ ಹೊಸದು ಹಾಕಿದರು. ಟೈಮಿಂಗ್ ಕವರ್ ಹೇಗೂ ಬಿಚ್ಚಿದೀರಲ್ಲ, ಪಂಪ್ ಕೂಡ ಒಂದು ಸಲ ನೋಡಿ ಅಂದೆ. "ಪಂಪ್‌ಗೆ ಏನೂ ಆಗಲ್ಲ ಅಣ್ಣ, ಸುಮ್ನೆ ದುಡ್ಡು ದಂಡ" ಅಂದ ಹುಡುಗ. ನಾನೂ ತಲೆಯಾಡಿಸಿದೆ. ಎಂಟೇ ತಿಂಗಳಿಗೆ ಅದೇ ಸದ್ದು ವಾಪಸ್ ಬಂತು.

ಎರಡನೇ ಸಲ, 2022ರ ಅಕ್ಟೋಬರ್‌ನಲ್ಲಿ, ಹಾಸನಕ್ಕೆ ಒಬ್ಬರು ವಯಸ್ಸಾದ ಮೇಸ್ತ್ರಿ ಹತ್ತಿರ ತಗೊಂಡು ಹೋದೆ. ಅವರು ಒಂದು ಬೋಲ್ಟನ್ನೂ ಬಿಚ್ಚುವ ಅವಸರ ಮಾಡಲಿಲ್ಲ. ಆಯಿಲ್ ಲೈಟಿನ ಸ್ವಿಚ್ ತೆಗೆದು ಅಲ್ಲಿಗೆ ಒಂದು ಪ್ರೆಶರ್ ಗೇಜ್ ತಿರುಗಿಸಿದರು. ತಣ್ಣಗಿರುವಾಗ ನಾಲ್ಕು ಕಿಲೋ (ಚದರ ಸೆಂಟಿಮೀಟರಿಗೆ) ತೋರಿಸಿತು. "ಶಾಂತಿಗ್ರಾಮದ ತನಕ ಓಡಿಸ್ಕೊಂಡು ಬಾರಪ್ಪ" ಅಂದರು. ಬಿಸಿಯಾಗಿ ಬಂದ ಮೇಲೆ ಸ್ಲೋ ಸ್ಪೀಡಿನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಸೂಜಿ 0.7ರ ಹತ್ತಿರ ನಡುಗುತ್ತಾ ನಿಂತಿತ್ತು. ರೇಸ್ ಮಾಡಿದರೂ ಎರಡು ಮುಟ್ಟಲಿಲ್ಲ.

ಹಾಗಾದ್ರೆ ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಯಾಕೆ ಹತ್ತಲಿಲ್ಲ? ಅದು ಹತ್ತುವುದು ಹೆಚ್ಚುಕಮ್ಮಿ ಅರ್ಧ ಕಿಲೋಗಿಂತ ಕೆಳಗೆ ಇಳಿದಾಗ ಮಾತ್ರ. ನಾವು ಲೈಟ್ ಹತ್ತಿಲ್ಲ ಅಂತ ನೆಮ್ಮದಿಯಾಗಿ ಓಡಿಸ್ತಾ ಇರ್ತೀವಿ. ಇನ್ನೊಂದು ವಿಷಯ, ನನಗೂ ಅವತ್ತೇ ಗೊತ್ತಾಗಿದ್ದು: ಚೈನ್ ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಪ್ರೆಶರ್ ಮೇಲೆ. ಆಯಿಲ್ ಬರುವುದು ತಡವಾದರೆ, ಸಾಲದೇ ಹೋದರೆ, ಚೈನ್ ಸಡಿಲವಾಗಿಯೇ ಹೊಡೆದುಕೊಳ್ಳುತ್ತೆ. ನಾನು ಚೈನಿನದು ಅಂದುಕೊಂಡಿದ್ದ ಸದ್ದು ನಿಜವಾಗಿ ಆಯಿಲಿನದು.

ಬಿಚ್ಚಿದಾಗ ಮೇಸ್ತ್ರಿ ಸ್ಟ್ರೈನರನ್ನು (ಪಂಪ್ ಆಯಿಲ್ ಎಳೆಯುವ ಬಾಯಿಯ ಜಾಲರಿ) ಹಳೇ ಬನಿಯನ್ ಬಟ್ಟೆ ಮೇಲೆ ತಟ್ಟಿದರು. ಸಿಲಿಕೋನ್ ಗ್ಯಾಸ್ಕೆಟ್ಟಿನ ಚೂರುಗಳು, ಹುಳದ ಹಾಗೆ ಸುರುಳಿ ಸುರುಳಿಯಾಗಿ, ಹತ್ತು ಹನ್ನೆರಡು ಬಿದ್ದವು. ಹಿಂದಿನ ಸಲ ಕವರ್‌ಗೆ ಜಾಸ್ತಿ ಹಚ್ಚಿದ್ದು ಒಳಗೆ ಉದುರಿತ್ತು. ಪಂಪಿನ ಪ್ಲೇಟ್ ಮೇಲೆ ಉಗುರು ಆಡಿಸಿದರೆ ಗೀರುಗಳು ಕೈಗೆ ಸಿಗುತ್ತಿದ್ದವು. ಪ್ರೆಶರ್ ಮಿತಿ ಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವಿನ ಪಿನ್ ಸಲೀಸಾಗಿ ಜಾರದೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅಂದ್ರೆ ಇರುವ ಪ್ರೆಶರೂ ಅಲ್ಲೇ ಸೋರಿ ಹೋಗುತ್ತಿತ್ತು.

ದೊಡ್ಡ ಪಂಪಿನ ಮಾತು ಬಂದಿದ್ದು ಆಗ. ಇದೇ ಎಂಜಿನ್ನಿನ ದೊಡ್ಡ ಗಾಡಿ ಮಾಡೆಲ್‌ಗೆ ಬರುವ ಪಂಪ್. ಬೋಲ್ಟ್ ತೂತು ಎಲ್ಲ ಒಂದೇ, ಒಳಗೆ ತಿರುಗುವ ರೋಟರ್ ಮಾತ್ರ ಸುಮಾರು 3 ಮಿಲಿಮೀಟರ್ ಜಾಸ್ತಿ ದಪ್ಪ. ಒಂದೊಂದು ಸುತ್ತಿನಲ್ಲೂ ಜಾಸ್ತಿ ಆಯಿಲ್ ತಳ್ಳುತ್ತೆ. ವಾಲ್ವಿನ ಸ್ಪ್ರಿಂಗ್ ಮಾತ್ರ ಗಟ್ಟಿ ಹಾಕಿ "ಪ್ರೆಶರ್ ಜಾಸ್ತಿ ಮಾಡಿದೀವಿ" ಅನ್ನುವವರೂ ಇದ್ದಾರೆ. ಅದು ಬೇರೆ. ಸ್ಪ್ರಿಂಗ್ ಬದಲಿಸಿದರೆ ಮೇಲಿನ ಮಿತಿ ಏರುತ್ತೆ ಅಷ್ಟೇ, ಸ್ಲೋ ಸ್ಪೀಡಿನಲ್ಲಿ ಸಾಲದ ಆಯಿಲ್ ಎಲ್ಲಿಂದಲೋ ಬರಲ್ಲ.

ನಾನು ತಕ್ಷಣ ಹಾಕಿಬಿಡಿ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ಮೊದಲು ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಜಾಗದ್ದು) ನೋಡಬೇಕು, ಅದು ಸವೆದಿದ್ದರೆ ಆಯಿಲ್ ಸಂದಿಯಲ್ಲೇ ಸೋರಿಹೋಗುತ್ತೆ ಅಂದರು. "ತಳ ತೂತಾದ ಕೊಡಕ್ಕೆ ನಲ್ಲಿ ದೊಡ್ಡದು ಮಾಡಿದ್ರೆ ಏನಪ್ಪ ಬಂತು?" ಎರಡು ಬೇರಿಂಗ್ ತೆಗೆದು ನೋಡಿದರು. ಒಳಪದರದ ತಾಮ್ರ ಕಾಣಿಸುವಷ್ಟು ಸವೆದಿರಲಿಲ್ಲ. ಆಮೇಲೇ ಪಂಪಿಗೆ ಹೂಂ ಅಂದಿದ್ದು.

ಆಗ ಒರಿಜಿನಲ್ ಪಂಪ್ 5,400 ರೂಪಾಯಿ, ದೊಡ್ಡದು 7,900. ವ್ಯತ್ಯಾಸ 2,500. ಟೈಮಿಂಗ್ ಕವರ್ ಬಿಚ್ಚಿದ ಕೂಲಿ ಹೇಗಿದ್ದರೂ ಕೊಡಲೇಬೇಕು, ಪಂಪ್ ಇರುವುದೂ ಅದರ ಹಿಂದೆಯೇ. ಬೇರೆ ದಿನ ಪಂಪಿಗಂತಲೇ ಬಿಚ್ಚಿಸಿದ್ದರೆ ಕೂಲಿಯೇ ಪಂಪಿಗಿಂತ ಜಾಸ್ತಿ ಆಗುತ್ತಿತ್ತು. ಟೆನ್ಷನರ್, ಒಂದು ಗೈಡ್, ಸ್ಟ್ರೈನರ್ ಪೈಪಿನ ರಬ್ಬರ್ ರಿಂಗ್, ಆಯಿಲ್, ಫಿಲ್ಟರ್ ಎಲ್ಲ ಸೇರಿ 27,400 ಆಯ್ತು. ಆ ರಬ್ಬರ್ ರಿಂಗ್ 40 ರೂಪಾಯಿದು. ಅದು ಒಣಗಿ ಸೀಳಿದ್ದರೆ ಪಂಪ್ ಎಷ್ಟೇ ದೊಡ್ಡದಿರಲಿ, ಆಯಿಲ್ ಬದಲು ಗಾಳಿ ಎಳೆಯುತ್ತೆ. ಮರೆಯದೆ ಹೊಸದು ಹಾಕಿಸಿ.

ಕೂರಿಸುವಾಗ ರೋಟರ್ ಸಂದಿಗೆಲ್ಲ ವ್ಯಾಸಲೀನ್ ತುಂಬಿದರು. ಒಣ ಪಂಪ್ ಮೊದಲ ಸುತ್ತಿಗೆ ಆಯಿಲ್ ಎಳೆಯಲ್ಲವಂತೆ. ಫಿಲ್ಟರ್‌ಗೂ ಆಯಿಲ್ ತುಂಬಿಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಟ್ಟು, ಬರೀ ಸೆಲ್ಫ್ ಹೊಡೆಸಿದರು. ಒಂದು ಸಲ, ಎರಡು ಸಲ, ಸೂಜಿ ಅಲ್ಲಾಡಲಿಲ್ಲ. ನನ್ನ ಮುಖ ನೋಡಿ ನಕ್ಕರು. ಮೂರನೇ ಸಲ ಸೂಜಿ ಮೆಲ್ಲಗೆ ಎದ್ದಿತು. ಆಮೇಲೇ ಕನೆಕ್ಟರ್ ಸಿಕ್ಕಿಸಿ ಸ್ಟಾರ್ಟ್ ಮಾಡಿದ್ದು.

ಈಗ ಮೂರು ವರ್ಷ ಆಗ್ತಾ ಬಂತು, 61,000 ಕಿಲೋಮೀಟರ್. ಬೆಳಗಿನ ಸದ್ದು ಒಂದು ಸೆಕೆಂಡಿಗೆ ಮುಗಿಯುತ್ತೆ, ಎಷ್ಟೋ ದಿನ ಅದೂ ಇಲ್ಲ. ಗೇಜನ್ನು ಕ್ಯಾಬಿನ್ ಒಳಗೆ ಕಾಯಂ ಹಾಕಿಸಿಕೊಂಡಿದ್ದೇನೆ. ಚಾರ್ಮಾಡಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸುವಾಗ ಎಂಜಿನ್ ಸರಿಯಾಗಿ ಕಾದಿರುತ್ತೆ. ಆಗ ಸ್ಲೋ ಸ್ಪೀಡಿನಲ್ಲಿ 1.5. ಓಡುವಾಗ ಮೂರೂವರೆ. ಚಳಿಗಾಲದ ಬೆಳಿಗ್ಗೆ ಐದೂವರೆ ತನಕ ಏರಿ ವಾಲ್ವ್ ತೆರೆದುಕೊಂಡು ಅಲ್ಲೇ ನಿಲ್ಲುತ್ತೆ. ಆ ಹೊತ್ತಿನಲ್ಲಿ ರೇಸ್ ಮಾಡಬಾರದು. ಒಮ್ಮೆ ಕಡಿಮೆ ಬೆಲೆಯ ಫಿಲ್ಟರ್ ಹಾಕಿಸಿದ್ದೆ, ಅಂಥದ್ದೇ ಒಂದು ಬೆಳಿಗ್ಗೆ ಅದರ ವಾಷರ್ ಉಬ್ಬಿ ಅಂಗಳದಲ್ಲೆಲ್ಲ ಆಯಿಲ್. ಅವತ್ತಿನಿಂದ ಒರಿಜಿನಲ್ ಫಿಲ್ಟರ್ ಬಿಟ್ಟು ಬೇರೆ ಮುಟ್ಟಿಲ್ಲ.

ಇನ್ನೊಂದು ಭಯ ಬಿದ್ದ ಕಥೆ ಇದೆ. ಲೋಡ್ ಹಾಕಿಕೊಂಡು ಘಾಟಿ ಇಳಿಯುತ್ತಾ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆಯಿಲ್ ಲೈಟ್ ಒಂದು ಸಲ ಮಿಣುಕ್ ಅಂತು. ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕೆಳಗಿನ ಗೆರೆಗೆ ಬಂದಿತ್ತು. ಇಳಿಜಾರಿನಲ್ಲಿ ಆಯಿಲ್ ಮುಂದಕ್ಕೆ ನುಗ್ಗಿದಾಗ ಸ್ಟ್ರೈನರ್ ಬಾಯಿ ಗಾಳಿಗೆ ತೆರೆದುಕೊಂಡಿದೆ. ದೊಡ್ಡ ಪಂಪ್ ಮೇಲಕ್ಕೆ ಜಾಸ್ತಿ ಕಳಿಸುತ್ತೆ, ಚೇಂಬರಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಕಮ್ಮಿ ಇದ್ದರೆ ಬೇಗ ಬರಿದಾಗುತ್ತೆ. ತಪ್ಪು ನನ್ನದೇ. ಈಗ ಭಾನುವಾರ ಭಾನುವಾರ ನೋಡಿ ಮೇಲಿನ ಗೆರೆಗೇ ಇಡುತ್ತೇನೆ. 15ಡಬ್ಲ್ಯು-40 ದಪ್ಪದ ಆಯಿಲನ್ನು 8,000 ಕಿಲೋಮೀಟರಿಗೇ ಬದಲಿಸುತ್ತೇನೆ.

ಪವರ್ ಜಾಸ್ತಿ ಆಗುತ್ತೆ, ಮೈಲೇಜ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲೂ ಲೀಟರಿಗೆ ಹನ್ನೆರಡು ಚಿಲ್ಲರೆ ಕಿಲೋಮೀಟರ್, ಈಗಲೂ ಅಷ್ಟೇ. ಈ ಪಂಪಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದಿದ್ದು ಯಾಕಂದ್ರೆ, ಒಳ್ಳೆಯ ಬೇರಿಂಗ್, ಶುದ್ಧ ಸ್ಟ್ರೈನರ್ ಇದ್ದಿದ್ದರೆ ಒರಿಜಿನಲ್ ಪಂಪ್ ಹೊಸದು ಹಾಕಿಸಿದ್ದರೂ ಮುಕ್ಕಾಲು ಪಾಲು ಇದೇ ಫಲ ಸಿಗುತ್ತಿತ್ತೇನೋ ಅಂತ ಅನುಮಾನ ಇದೆ. ಘಾಟಿ ಓಡದ ಗಾಡಿಗೆ ನಾನಾಗಿದ್ದರೆ ಒರಿಜಿನಲ್ಲೇ ಹಾಕಿಸುತ್ತಿದ್ದೆ.

ಕಳೆದ ತಿಂಗಳಿಂದ ಕೊಟ್ಟಿಗೆಹಾರದಲ್ಲಿ ಸೂಜಿ 1.5ರ ಬದಲು 1.3ಕ್ಕೆ ನಿಲ್ಲುತ್ತಿದೆ. ಮೇಸ್ತ್ರಿಗೆ ಫೋನ್ ಮಾಡಿದೆ. "ಅರೇಬಿಕಾ ಕೊಯ್ಲು ಶುರುವಾಗೋ ಮುಂಚೆ ತಗೊಂಡು ಬಾ, ಚೇಂಬರ್ ಇಳಿಸಿ ಬೇರಿಂಗ್ ನೋಡೋಣ" ಅಂದಿದ್ದಾರೆ. ಬರುವ ಸೋಮವಾರ ಹೊರಟಿದ್ದೇನೆ.