ಮೆಕ್ಕೆಜೋಳದ ದಿಂಡಿನ ಪೈಪು: ಒಂಬತ್ತು ವರ್ಷ ಸೇದಿದ ಮೇಲೆ

ನನ್ನ ಹತ್ತಿರ ಈಗ ತಂಬಾಕು ಸೇದುವ ಮೂರು ದಿಂಡಿನ ಪೈಪು ಇವೆ. ಎಲ್ಲಕ್ಕಿಂತ ಹಳೆಯದು 2016ರಲ್ಲಿ ತಂದ ಮಿಸೌರಿ ಮೀರ್ಶಾಮ್ ಕಂಪನಿಯ ಲೆಜೆಂಡ್ ಅನ್ನುವ ಮಾದರಿ. ಕೊಟ್ಟಿದ್ದು ಹತ್ತು ಡಾಲರಿಗಿಂತ ಕಡಿಮೆ. ಇವತ್ತಿಗೂ ಕೈ ಮೊದಲು ಹೋಗುವುದು ಅದಕ್ಕೇ. ಹತ್ತು ಪಟ್ಟು ಬೆಲೆಯ, ಬ್ರಯರ್ ಅನ್ನುವ ಗಟ್ಟಿ ಕಟ್ಟಿಗೆಯ ಪೈಪು ಒಂದಿದೆ, ಗೆಳೆಯರು ಕೊಟ್ಟ ಉಡುಗೊರೆ. ಅದು ಬಟ್ಟೆ ಚೀಲದೊಳಗೆ ಮಲಗಿರುತ್ತದೆ. ಹಬ್ಬಕ್ಕೊಮ್ಮೆ ತೆಗೆಯುತ್ತೇನೆ.

ನಾನಿರುವುದು ಅಮೆರಿಕದ ಸೇಂಟ್ ಲೂಯಿಸ್ ಪಕ್ಕ. ಈ ಪೈಪುಗಳ ಊರು ವಾಷಿಂಗ್ಟನ್, ರಾಜಧಾನಿ ಅಲ್ಲ, ಮಿಸೌರಿ ನದಿ ದಂಡೆಯ ಸಣ್ಣ ಊರು. ನಮ್ಮಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್. ನದಿಗೆ ಮುಖ ಮಾಡಿ ಹಳೆಯ ಇಟ್ಟಿಗೆ ಕಟ್ಟಡ, ಒಳಗೆ ಸಣ್ಣ ಅಂಗಡಿ, ಪಕ್ಕದಲ್ಲೇ ಹಳೇ ಪೈಪುಗಳನ್ನು ಜೋಡಿಸಿಟ್ಟ ಜಾಗ. ಹಾಲೆಂಡಿನಿಂದ ಬಂದ ಹೆನ್ರಿ ಟಿಬ್ಬಿ ಅನ್ನುವ ಮರಗೆಲಸದವರು 1869ರಲ್ಲಿ ಶುರು ಮಾಡಿದ್ದು. ಒಬ್ಬ ರೈತ ದಿಂಡು ತಂದು, ಇದನ್ನು ನಿಮ್ಮ ಲೇತಿನಲ್ಲಿ ಕಡೆದು ಪೈಪು ಮಾಡಿಕೊಡಿ ಅಂದನಂತೆ, ಅಲ್ಲಿಂದ ಹುಟ್ಟಿದ ವ್ಯಾಪಾರ ಅಂತ ಊರಲ್ಲಿ ಹೇಳುತ್ತಾರೆ. ದಿಂಡಿನ ಮೈಯ ತೂತುಗಳಿಗೆ ಪ್ಲಾಸ್ಟರ್ ತುಂಬಿ ನಯ ಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಅಮೆರಿಕದ ಸೇನಾಧಿಕಾರಿ ಜನರಲ್ ಮೆಕಾರ್ಥರ್ 1945ರಲ್ಲಿ ಜಪಾನಿನಲ್ಲಿ ವಿಮಾನ ಇಳಿದಾಗ ಬಾಯಲ್ಲಿದ್ದದ್ದು ಉದ್ದ ಬಟ್ಟಲಿನ (ಬಟ್ಟಲು ಅಂದರೆ ತಂಬಾಕು ತುಂಬುವ ಭಾಗ) ದಿಂಡಿನ ಪೈಪೇ, ಆ ಫೋಟೋ ನೀವೂ ನೋಡಿರಬಹುದು.

ನನಗೆ ಹಿಡಿಸಿದ್ದು ಈ ಕಥೆಗಳಲ್ಲ, ದಿಂಡು. ನಾನು ದಾವಣಗೆರೆ ಕಡೆಯವನು. ಮೆಕ್ಕೆಜೋಳ ಒಕ್ಕಿದ ಮೇಲೆ ಹಿತ್ತಲಲ್ಲಿ ದಿಂಡಿನ ರಾಶಿ ಬೀಳುತ್ತಿತ್ತು, ಬಚ್ಚಲ ಹಂಡೆಗೆ ಅದೇ ಉರಿ. ಹೋದ ಸಲ ಅಪ್ಪಾಜಿ ಬಂದಿದ್ದಾಗ ಮೂರು ತಿಂಗಳು ನಾನು ಪೈಪು ಮುಟ್ಟಲಿಲ್ಲ. ಅವರೆದುರು ಸೇದುವ ಮಾತೇ ಇಲ್ಲ. ಆದರೆ ಗ್ಯಾರೇಜಿನ ಶೆಲ್ಫಿನಲ್ಲಿ ಇಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡರು, ಹೆಬ್ಬೆರಳಿನ ಉಗುರಿನಿಂದ ಬಟ್ಟಲಿನ ಅಂಚು ಒತ್ತಿ ನೋಡಿದರು. "ಇದು ನಮ್ಮ ಮೆಕ್ಕೆಜೋಳದ ದಿಂಡು ಅಲ್ಲೇನೋ? ಇದಕ್ಕೂ ರೊಕ್ಕ ಕೊಟ್ಟು ತಂದೆಯಾ?" ಅಂದರು. ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ದಿಂಡು ಇಷ್ಟು ಗಟ್ಟಿ ಇರಲ್ಲ" ಅಂದರು. ಸರಿಯಾಗಿ ಹಿಡಿದರು. ಇಲ್ಲಿ ಪೈಪಿಗೆಂದೇ ದಪ್ಪ ದಿಂಡಿನ ತಳಿ ಬೆಳೆಯುತ್ತಾರೆ, ಮಿಸೌರಿ ವಿಶ್ವವಿದ್ಯಾಲಯದವರು ಅಭಿವೃದ್ಧಿ ಮಾಡಿಕೊಟ್ಟ ತಳಿ. ಕಾಳು ಬಿಡಿಸಿ ಸುಮಾರು ಎರಡು ವರ್ಷ ಒಣಗಿಸಿ ಇಟ್ಟು, ಆಮೇಲೆ ಕಡೆಯುತ್ತಾರೆ.

ಈಗ ಸೇದುವ ವಿಷಯ. ಬ್ರಯರ್ ಪೈಪನ್ನು ಪಳಗಿಸಬೇಕು. ಒಳಗೋಡೆಗೆ ಮಸಿ ಕಟ್ಟುವ ತನಕ ಅರ್ಧರ್ಧ ತುಂಬಿಸಿ, ಕಾದು, ಒಂದು ಸಲ ಸೇದಿದರೆ ಮತ್ತೆ ವಿಶ್ರಾಂತಿ ಕೊಟ್ಟು, ಹೀಗೆ ತಿಂಗಳುಗಟ್ಟಲೆ. ದಿಂಡಿಗೆ ಅದೆಲ್ಲ ಬೇಡ. ಮೊದಲ ದಿನದಿಂದಲೇ ಚೆನ್ನಾಗಿ ಎಳೆಯುತ್ತದೆ. ದಿಂಡು ತೇವ ಹೀರುತ್ತದೆ, ಅದಕ್ಕೇ ಹೊಗೆ ಒಣಗಿ, ತಂಪಾಗಿ ಬರುತ್ತದೆ. ತೂಕ ಎಷ್ಟು ಕಡಿಮೆ ಅಂದರೆ ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಗಿಡದ ಕೆಲಸ ಮಾಡಬಹುದು. ಕೆಳಗೆ ಬಿದ್ದರೂ ಎದೆ ಧಸಕ್ಕೆನ್ನುವುದಿಲ್ಲ.

ಒಂದೇ ಒಂದು ಕಿರಿಕಿರಿ ಮೊದಲಲ್ಲಿ ಇರುತ್ತದೆ. ಹೊಗೆ ಬರುವ ಮರದ ನಳಿಗೆಯ ತುದಿ ಬಟ್ಟಲಿನೊಳಗೆ ಸ್ವಲ್ಪ ಚಾಚಿರುತ್ತದೆ, ಅದು ಸುಡುವಾಗ ಕಟ್ಟಿಗೆ ವಾಸನೆ. ನಾಲ್ಕೈದು ಸಲಕ್ಕೆ ಸುಟ್ಟು ಮಟ್ಟವಾಗುತ್ತದೆ, ಆಮೇಲೆ ಸಿಹಿ. ನಾನು ತಳಕ್ಕೆ ಬೂದಿ, ನೀರು ಕಲಸಿ ಮೆತ್ತಿದೆ, ಒಲೆಗೆ ಮಣ್ಣು ಮೆತ್ತುತ್ತೇವಲ್ವಾ, ಹಾಗೆ. ಎರಡು ದಿನ ಒಣಗಲು ಬಿಟ್ಟರೆ ತಳ ಗಟ್ಟಿಯಾಗುತ್ತದೆ.

ನಡುವೆ ಒಂದು ಪೈಪು ಸುಟ್ಟೂ ಹೋಯಿತು. ತಪ್ಪು ನನ್ನದೇ. ಜೋರು ಗಾಳಿಯಲ್ಲಿ ಕೆರೆ ದಂಡೆ ಮೇಲೆ ಕೂತು ಸೇದುತ್ತಿದ್ದೆ. ಗಾಳಿ ಬಟ್ಟಲಿನ ಮೇಲೆ ಬೀಸಿದರೆ ಕುಲುಮೆಗೆ ತಿದಿ ಒತ್ತಿದ ಹಾಗೆ, ಒಳಗಿನ ಕೆಂಡ ನಿಗಿನಿಗಿ ಆಗುತ್ತದೆ. ಸಿಗರೇಟಿನ ಹಾಗೆ ಬೇಗ ಬೇಗ ಎಳೆದೆ ಬೇರೆ. ಬಟ್ಟಲಿನ ಹೊರಮೈಯಲ್ಲಿ ಕಾಸಗಲ ಕಪ್ಪು ಕಂಡಿತು, ಬೆರಳಿಟ್ಟರೆ ಸುಡುತ್ತಿತ್ತು, ಮಾರನೇ ವಾರ ಅಲ್ಲೇ ತೂತು. ಬಟ್ಟಲು ಕೆನ್ನೆಗೆ ತಾಗಿಸಿದರೆ ಬೆಚ್ಚಗೆ ಇರಬೇಕು, ಅಷ್ಟೇ. ಬಿಸಿ ಅನಿಸಿದರೆ ಕೆಳಗಿಟ್ಟು ಬಿಡಿ. ಆರಿದರೆ ಆರಲಿ, ಮತ್ತೆ ಕಡ್ಡಿ ಗೀರಿದರಾಯಿತು.

ಇನ್ನೊಂದನ್ನು ಎಲ್ಲೋ ದಾರಿಯಲ್ಲಿ, ಇನ್ನೂ ಅಗ್ಗಕ್ಕೆ, ಬೇರೆ ತಯಾರಕರದ್ದು ತಂದಿದ್ದೆ. ಹೆಸರು ಬೇಡ. ತಿಂಗಳೊಳಗೆ ಲೋಹದ ಉಂಗುರ ಕಳಚಿತು. ದಿಂಡು ಕೈಯಲ್ಲಿ ಒತ್ತಿದರೆ ಮೆತ್ತಗಿತ್ತು. ಕೊಳ್ಳುವಾಗ ಒತ್ತಿ ನೋಡಿ.

ಇದಕ್ಕೆ ಬರ್ಲಿ ಅನ್ನುವ ಜಾತಿಯ ತಂಬಾಕು ಹೊಂದುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ಜಾತಿ ಸಿಹಿ ಜಾಸ್ತಿ, ಬಿಸಿಯೂ ಜಾಸ್ತಿ, ನಿಧಾನ ಗೊತ್ತಿಲ್ಲದವರ ನಾಲಿಗೆ ಉರಿಸುತ್ತದೆ. ಬರ್ಲಿಯಲ್ಲಿ ಹುರಿದ ಶೇಂಗಾದಂಥ ಒಂದು ವಾಸನೆ, ದಿಂಡಿನ ಸಿಹಿ ಜೊತೆ ಸೇರಿದರೆ ಹಿತ. ತುಂಬಿಸುವಾಗ ತಳದಲ್ಲಿ ಸಡಿಲ, ನಡುವೆ ಸ್ವಲ್ಪ ಒತ್ತಿ, ಮೇಲೆ ಇನ್ನೊಂಚೂರು ಗಟ್ಟಿ. ಮೊದಲ ಕಡ್ಡಿಗೆ ಎಲೆ ಉಬ್ಬಿ ಮೇಲೇಳುತ್ತದೆ, ಅದನ್ನು ಮೆಲ್ಲಗೆ ಒತ್ತಿ ಎರಡನೇ ಕಡ್ಡಿ ಹಚ್ಚಬೇಕು. ಆಮೇಲೆ ಅರ್ಧ ಗಂಟೆ ನಿಮ್ಮದು.

ಒಂದು ಮಾತು ನೇರವಾಗಿ ಹೇಳಬೇಕು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುವುದು. ಹಾಗಂತ ಅಪಾಯ ಇಲ್ಲ ಅಂತಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್ ಇದರಿಂದಲೂ ಬರುತ್ತದೆ. ನಾನು ವಾರಕ್ಕೊಮ್ಮೆ, ಶನಿವಾರ ಸಂಜೆ, ಮನೆ ಹಿಂದಿನ ಕಟ್ಟೆ ಮೇಲೆ ಒಬ್ಬನೇ ಕೂತು ಸೇದುತ್ತೇನೆ, ಮಕ್ಕಳು ಹತ್ತಿರ ಇದ್ದರೆ ಇಲ್ಲ. ಸೇದುವ ಅಭ್ಯಾಸವೇ ಇಲ್ಲದವರು ಈ ವಿಮರ್ಶೆ ಓದಿ ಶುರು ಮಾಡಬೇಡಿ.

ಸಂಭಾಳಿಸುವುದು ಸುಲಭ. ಸೇದಿ ಮುಗಿಸಿ, ಪೂರ್ತಿ ಆರಿದ ಮೇಲೆ ಬೂದಿ ಕೊಡವಿ, ತಂತಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ನಳಿಗೆಯಲ್ಲಿ ಒಂದೆರಡು ಸಲ ಆಡಿಸಿ. ಬಿಸಿ ಇದ್ದಾಗ ಬಾಯಿಗಿಡುವ ಭಾಗ ಎಳೆಯಬೇಡಿ, ಸಡಿಲವಾಗುತ್ತದೆ. ನೀರಲ್ಲಿ ಅದ್ದಬೇಡಿ, ದಿಂಡು ಉಬ್ಬುತ್ತದೆ.

ಅಪ್ಪಾಜಿ ಊರಿಗೆ ಹೋದ ಮೇಲೆ ಆ ಹಳೇ ಲೆಜೆಂಡ್ ಮತ್ತೆ ತೆಗೆದೆ. ಮೂರು ತಿಂಗಳು ಸುಮ್ನೆ ಬಿದ್ದಿದ್ದರೂ ರುಚಿ ಕೆಟ್ಟಿರಲಿಲ್ಲ. ಬಟ್ಟಲು ಹಳದಿಯಿಂದ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಅಂಚು ಕಪ್ಪಾಗಿದೆ, ಪ್ಲಾಸ್ಟಿಕ್ ತುದಿಯಲ್ಲಿ ನನ್ನ ಹಲ್ಲಿನ ಗುರುತು ಆಳವಾಗಿದೆ. ಹೊಸ ತುದಿ ಬಿಡಿಯಾಗಿ ಸಿಗುತ್ತದೆ, ತರಿಸಿದ್ದೇನೆ. ಬಟ್ಟಲು ಮಾತ್ರ ಇದೇ ಇರಲಿ.