ಫಾಯಿಲ್ ಕಾರ್ಡ್: ಪ್ಯಾಕ್ ಒಡೆಯುವುದಾ, ಬಿಡಿಯಾಗಿ ಕೊಳ್ಳುವುದಾ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಅಪರೂಪದ ಫಾಯಿಲ್ ಕಾರ್ಡ್ (ಹೊಳಪಿನ ಪದರವಿರುವ ಕಾರ್ಡ್) ಬೇಕಾದರೆ ಎರಡು ದಾರಿ ಇವೆ. ಮುಚ್ಚಿದ ಪ್ಯಾಕ್ ಒಡೆದು ಅದೃಷ್ಟ ನೋಡುವುದು, ಇಲ್ಲವೇ ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳುವುದು.

ಪ್ಯಾಕ್ ಒಡೆಯುವ ಮಜಾನೇ ಬೇರೆ. 2024ರಲ್ಲಿ ಬಂದ ಪ್ಲೇ ಬೂಸ್ಟರ್ ಎಂಬ ಪ್ಯಾಕ್‌ನಲ್ಲಿ 14 ಕಾರ್ಡ್ ಇರುತ್ತವೆ, ಒಂದು ಫಾಯಿಲ್ ಖಾತ್ರಿ. ಆದರೆ ಅದು ಅಪರೂಪದ್ದೇ ಆಗಬೇಕೆಂದಿಲ್ಲ. ಬಹಳ ಸಲ ಸಾಧಾರಣ ಕಾರ್ಡೇ ಮಿರಮಿರ ಹೊಳೆಯುತ್ತಾ ಕೂತಿರುತ್ತದೆ! 2019ರಲ್ಲಿ ಶುರುವಾದ ಕಲೆಕ್ಟರ್ ಬೂಸ್ಟರ್‌ನಲ್ಲಿ ಫಾಯಿಲ್ ಜಾಸ್ತಿ. ಬೆಲೆಯೂ ಜಾಸ್ತಿ, ಅಲ್ವಾ?

ಬಿಡಿಯಾಗಿ ಕೊಂಡರೆ ಕೇಳಿದ್ದೇ ಸಿಗುತ್ತದೆ. ಆದರೆ ಕಾರ್ಡಿನ ಸ್ಥಿತಿಯನ್ನು ನೀವೇ ನೋಡಿಕೊಳ್ಳಬೇಕು. ಫಾಯಿಲ್ ಕಾರ್ಡ್ ಬಾಗುವುದು ಮಾಮೂಲು. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಳಪಿನ ಪದರ ಹಾಗೆ ಆಗುವುದಿಲ್ಲ. ಈ ಎಳೆದಾಟದಲ್ಲಿ ಕಾರ್ಡ್ ಬಿಲ್ಲಿನಂತಾಗುತ್ತದೆ. ಸಣ್ಣ ಗೀರುಗಳಂತೂ ನೇರ ಫೋಟೊದಲ್ಲಿ ಕಾಣುವುದೇ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದ ವಿಡಿಯೊ ಕೊಡಲು ಮಾರುವವರನ್ನು ಕೇಳಿ. ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ.

ಹಳೆಯ ಫಾಯಿಲ್ ಬೇಕೆನ್ನುವವರಿಗೆ ನನ್ನ ಉತ್ತರ ಒಂದೇ: ಬಿಡಿ ಕಾರ್ಡ್. ಪ್ಯಾಕ್‌ಗಳಲ್ಲಿ ಫಾಯಿಲ್ ಬರಲು ಶುರುವಾಗಿದ್ದು 1999ರ ಅರ್ಜಾಸ್ ಲೆಗಸಿ ಸೆಟ್‌ನಿಂದ. ಆಗ ಪ್ರತಿ ಪ್ಯಾಕ್‌ನಲ್ಲೂ ಫಾಯಿಲ್ ಇರುತ್ತಿರಲಿಲ್ಲ. ಅಂಥ ಹಳೆ ಪ್ಯಾಕನ್ನು ದುಬಾರಿ ಬೆಲೆಗೆ ಕೊಂಡು, ಒಡೆದಾಗ ಒಂದೂ ಇಲ್ಲದಿದ್ದರೆ? ಯಾರೋ ಒಡೆದು ಮತ್ತೆ ಅಂಟಿಸಿದ ಪ್ಯಾಕೂ ಆಗಿರಬಹುದು.

ಗೆಳೆಯರ ಜೊತೆ ಡ್ರಾಫ್ಟ್ (ಪ್ಯಾಕ್ ಒಡೆದು, ಒಂದೊಂದೇ ಕಾರ್ಡ್ ಆರಿಸಿ ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾ, ಆರಿಸಿದ ಕಾರ್ಡುಗಳಲ್ಲೇ ಆಡುವ ಬಗೆ) ಆಡುವಿರಾದರೆ ಮಾತ್ರ ಪ್ಯಾಕ್ ಕೊಳ್ಳಿ. ಬೇಕಾದ ಫಾಯಿಲ್ ಬರದಿದ್ದರೂ ಆಟವಂತೂ ಆಗುತ್ತದೆ.