ನಾನಾ ಪೇಟೆಯ ಅಂಗಡಿ ಮತ್ತು ನನ್ನ ವ್ಯಾಗನ್ ಆರ್‌ನ ಎಡಗಡೆ ಆಕ್ಸಲ್

ಪುಣೆಯ ನಾನಾ ಪೇಟೆಗೆ ನಾನು ಹೋಗಿದ್ದು ಪೂರಾ ಡ್ರೈವ್ ಶಾಫ್ಟ್ ಕೊಳ್ಳಲು, ಅಂದರೆ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಸರಳು, ಆಕ್ಸಲ್ ಅಂತಲೂ ಅನ್ನುತ್ತಾರೆ. ವಾಪಸ್ ತಂದದ್ದು ಅದರ ತುದಿಯ ಜಾಯಿಂಟ್ ಒಂದನ್ನೇ. ಹಾಗೆ ಮಾಡಿಸಿದವರು ಅಂಗಡಿಯವರೇ. ಅದಕ್ಕೇ ಈ ಅಂಗಡಿಯ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ನನ್ನದು 2012ರ ವ್ಯಾಗನ್ ಆರ್. ಮಳೆಗಾಲ ಮುಗಿಯುವ ಹೊತ್ತಿಗೆ ಸದ್ದು ಶುರುವಾಯಿತು. ಪಾರ್ಕಿಂಗ್‌ನಿಂದ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಗೆ ತೆಗೆಯುವಾಗ ಕಟ ಕಟ ಕಟ. ನೇರ ರಸ್ತೆಗೆ ಬಂದರೆ ಏನೂ ಇಲ್ಲ. ಬಗ್ಗಿ ನೋಡಿದೆ. ಎಡಗಡೆ ಚಕ್ರದ ಹತ್ತಿರದ ರಬ್ಬರ್ ಬೂಟ್, ಅಂದರೆ ಶಾಫ್ಟಿನ ಜಾಯಿಂಟನ್ನು ಮುಚ್ಚುವ ಹೊದಿಕೆ, ಸುತ್ತಲೂ ಸೀಳಿತ್ತು. ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಸಿಡಿದಿತ್ತು. ಬೂಟ್ ಹರಿದರೆ ಗ್ರೀಸ್ ಹೊರಗೆ ಹೋಗುತ್ತದೆ, ನೀರು, ಮರಳು ಒಳಗೆ ಬರುತ್ತವೆ. ಜಾಯಿಂಟಿನ ಒಳಗಿನ 6 ಗುಂಡುಗಳೂ ಅವು ಓಡಾಡುವ ತೋಡುಗಳೂ ಸವೆಯುತ್ತವೆ. ಸದ್ದು ಬರುವುದು ಅಲ್ಲಿಂದಲೇ.

ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಶಾಫ್ಟ್ ಬದಲಿಸಬೇಕು, 15,000 ರೂಪಾಯಿ ಅಂದರು. ಬಲಗಡೆಯನ್ನು ಅವರು ನೋಡಿಯೂ ಇರಲಿಲ್ಲ. ಹಾಗಾಗಿ ನಾನೇ ಬಿಚ್ಚಿದೆ.

ವಾರ್ಜೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಶನಿವಾರ ಬೆಳಿಗ್ಗೆ ಕೆಲಸ ಶುರು. ಚಕ್ರ ನೆಲದ ಮೇಲೆ ಇರುವಾಗಲೇ ಹಬ್ ನಟ್, ಅಂದರೆ ಶಾಫ್ಟಿನ ತುದಿಯನ್ನು ಚಕ್ರ ಕೂರುವ ಹಬ್‌ಗೆ ಬಿಗಿಯುವ ನಟ್, ಸಡಿಲಿಸಬೇಕು. ಹೆಂಡತಿ ಬ್ರೇಕ್ ಒತ್ತಿ ಹಿಡಿದಳು, ನಾನು ಪಾನಾದ ಹಿಡಿಗೆ ಪೈಪ್ ಸೇರಿಸಿ ಎಳೆದೆ. ಆಮೇಲೆ ಜ್ಯಾಕ್, ಕೆಳಗೆ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ, ದಯವಿಟ್ಟು. ಹಬ್ಬನ್ನು ಕೆಳಗಿನಿಂದ ಹಿಡಿದಿಡುವ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಗೆ ಸರಿಸಿ, ಹಿತ್ತಾಳೆ ಸರಳು ಇಟ್ಟು ಸುತ್ತಿಗೆಯಿಂದ ತಟ್ಟಿದೆ. ಹೊರಗಿನ ಜಾಯಿಂಟ್ ಕಳಚಿ ಬಂತು. ಶಾಫ್ಟ್ ಗೇರ್ ಬಾಕ್ಸಿನಲ್ಲೇ ಉಳಿಯಿತು, ಆಯಿಲ್ ಒಂದು ಹನಿಯೂ ಚೆಲ್ಲಲಿಲ್ಲ. ಶಾಫ್ಟನ್ನು ಹೊರಕ್ಕೆ ಜಗ್ಗಬಾರದು ಅಷ್ಟೇ, ಒಳಗಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಕಳಚಿದ್ದನ್ನು ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ನಾನಾ ಪೇಟೆಗೆ ಹೋದೆ. ಅಂಗಡಿ ಚಿಕ್ಕದು, ತಲೆ ಮೇಲೆಲ್ಲ ಬೆಲ್ಟುಗಳು ನೇತಾಡುತ್ತವೆ. ಕೌಂಟರಿನಲ್ಲಿ ವಯಸ್ಸಾದವರೊಬ್ಬರು. ನನ್ನ ಹರಕು ಮರಾಠಿ ಕೇಳಿ ಕನ್ನಡದಲ್ಲೇ ಮಾತಾಡಿದರು, ನಿಪ್ಪಾಣಿ ಕಡೆಯವರಂತೆ. ಮೊದಲ ಪ್ರಶ್ನೆಯೇ, "ಹಳೇದು ತಂದೀರೇನು?"

ಜಾಯಿಂಟನ್ನು ಬಟ್ಟೆಯಿಂದ ಒರೆಸಿ, ಒಳಗೆ ಗುಂಡುಗಳನ್ನು ಹಿಡಿದಿಡುವ ಪಂಜರವನ್ನು ವಾರೆ ಮಾಡಿ, ಟಾರ್ಚ್ ಬಿಟ್ಟು ತೋರಿಸಿದರು. ಗುಂಡು ಓಡಾಡುವ ಜಾಗದಲ್ಲಿ ಗುಳಿ ಬಿದ್ದಿದ್ದವು. ಆಮೇಲೆ ಶಾಫ್ಟಿನ ಫೋಟೋ ಕೇಳಿದರು. ಮೊಬೈಲಿನಲ್ಲಿ ದೊಡ್ಡದು ಮಾಡಿ, ಜಾಯಿಂಟ್ ಕೂರುವ ತುದಿಯ ಹಲ್ಲುಗಳನ್ನು ನೋಡಿದರು. "ಶಾಫ್ಟ್ ಚಲೋ ಐತಿ. ಯಾಕ ಸುಮ್ನ ರೊಕ್ಕ ಹಾಕ್ತೀರಿ?" ಅಂದರು. ಪೂರಾ ಶಾಫ್ಟ್ ಮಾರಿದ್ದರೆ ಅವರಿಗೆ ಲಾಭ ಜಾಸ್ತಿ ಇತ್ತಲ್ವಾ?

ನನ್ನ ಮನಸ್ಸು ಗೆದ್ದದ್ದು ಮುಂದಿನ ಐದು ನಿಮಿಷ. ನಾನು ಭೋಸರಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡುವವನು. ಅಳತೆ ಮಾಡದೆ ಹೇಳಿದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಅವರು ಡ್ರಾಯರಿನಿಂದ ವರ್ನಿಯರ್ ತೆಗೆದರು. ಹಬ್ಬಿನೊಳಗೆ ಕೂರುವ ಭಾಗ ಅಳೆದರು. ಒಳಗಿನ ಹಲ್ಲು ಎಣಿಸಿದರು, ಹೊರಗಿನದನ್ನೂ ಎಣಿಸಿದರು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯಾ ಅಂತ ಕೇಳಿದರು, ಏಕೆಂದರೆ ಇದ್ದರೆ ಜಾಯಿಂಟಿನ ಮೇಲೆ ಹಲ್ಲಿನ ರಿಂಗ್ ಬೇಕಾಗಬಹುದು. ಮೊದಲು ತೆಗೆದ ಡಬ್ಬಿಯ ಜಾಯಿಂಟ್ ನನ್ನ ಕಣ್ಣಿಗೆ ಅದೇ ಥರ ಕಂಡಿತು. ಅವರು ಎಣಿಸಿದರು. ಒಂದು ಹಲ್ಲು ವ್ಯತ್ಯಾಸ. ಒಳಗಿಟ್ಟು ಬೇರೆ ತಂದರು. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದ್ದರೆ ನನಗೆ ಆ ಮೊದಲ ಡಬ್ಬಿಯೇ ಬರುತ್ತಿತ್ತೇನೋ.

ಜಾಯಿಂಟ್, ಬೂಟ್, ಅದನ್ನು ಕಟ್ಟುವ ಎರಡು ಕ್ಲಿಪ್ಪು, ಗ್ರೀಸ್ ಪ್ಯಾಕೆಟ್, ಲಾಕ್ ರಿಂಗ್. ಹಳೆಯ ಹಬ್ ನಟ್ ಮತ್ತೆ ಹಾಕಬೇಡಿ ಅಂತ ಹೊಸದನ್ನೂ ಸೇರಿಸಿದರು. ಒಟ್ಟು 1,960 ರೂಪಾಯಿ.

ಕೊರತೆಗಳೂ ಇವೆ. ನಾನು ತಲುಪಿದಾಗ 1 ಗಂಟೆ ದಾಟಿತ್ತು, ಶಟರ್ ಎಳೆದಿತ್ತು. 4ರವರೆಗೆ ಓಣಿಯಲ್ಲೇ ಕಾದೆ. ಕಾರು ನಿಲ್ಲಿಸಲು ಅಲ್ಲಿ ಜಾಗವೇ ಇಲ್ಲ. ಬಿಲ್ಲನ್ನು ಎರಡು ಸಲ ಕೇಳಬೇಕಾಯಿತು. ಅವರು ಕೊಟ್ಟ ಕ್ಲಿಪ್ಪು ಬಹಳ ತೆಳು, ಬಿಗಿ ಮಾಡುವಾಗ ಒಂದು ತುಂಡಾಯಿತು. ವಾರ್ಜೆಯಲ್ಲೇ 40 ರೂಪಾಯಿ ಕೊಟ್ಟು ದಪ್ಪದ್ದು ತಂದೆ. ನೀವು ಅಲ್ಲೇ ಬೇರೆ ಕ್ಲಿಪ್ಪು ಕೇಳಿ ತಗೊಳ್ಳಿ.

ಭಾನುವಾರ ಜೋಡಿಸಿದೆ. ಗ್ರೀಸನ್ನು ಗುಂಡುಗಳ ನಡುವೆ ಬೆರಳಿನಿಂದ ಒತ್ತಿ ತುಂಬಿದೆ, ಉಳಿದದ್ದನ್ನು ಬೂಟಿಗೆ ಹಾಕಿದೆ. ಬೂಟಿನ ಸಣ್ಣ ತುದಿ ಎತ್ತಿ ಗಾಳಿ ಬಿಟ್ಟು ಆಮೇಲೆ ಕ್ಲಿಪ್ಪು ಕಟ್ಟಿದೆ. ಹಬ್ ನಟ್ಟಿಗೆ ಗೆಳೆಯನ ಟಾರ್ಕ್ ರೆಂಚ್, ಅಂದರೆ ಬಲ ಅಳೆದು ಬಿಗಿ ಮಾಡುವ ಪಾನಾ, ತಂದೆ. ಅಂದಾಜಿನಲ್ಲಿ ಬಿಗಿ ಮಾಡಿದರೆ ಚಕ್ರದ ಬೇರಿಂಗ್ ಹಾಳಾಗಬಹುದು.

ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಹತ್ತು ಸುತ್ತು ಹಾಕಿದೆ. ಸದ್ದಿಲ್ಲ. ದೀಪಾವಳಿಗೆ ಖಂಬಾಟ್ಕಿ ಘಾಟ್ ದಾಟಿ ಧಾರವಾಡಕ್ಕೆ ಹೋಗಿ ಅವ್ವನನ್ನು ಕರೆದುಕೊಂಡು ಬಂದೆ. ಮನೆ ಮುಟ್ಟಿದ ಮೇಲೆ ಮತ್ತೆ ಬಗ್ಗಿ ನೋಡಿದೆ. ಎಡಗಡೆ ಬೂಟ್ ಒಣಗಿಯೇ ಇದೆ. ಬಲಗಡೆಯದರ ಮಡಿಕೆಯಲ್ಲಿ ಸಣ್ಣ ಬಿರುಕು ಕಂಡಿತು, ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ. ಬರೀ ಬೂಟ್ ಬದಲಿಸಿದರೆ ಸಾಕಾಗುವ ಹೊತ್ತು ಇದು. ಈ ಶನಿವಾರ ಮತ್ತೆ ನಾನಾ ಪೇಟೆಗೆ ಹೋಗುತ್ತಿದ್ದೇನೆ, 12 ಗಂಟೆಯೊಳಗೆ.